ಖಾಲಿ ಒರಳು

ನಮ್ಮ ಬೀದಿಯಲ್ಲಿ ಅಪ್ಪನ ಕೈಯಿಂದ ಯಾರೂ ನೀರು ಕುಡಿಯುತ್ತಿರಲಿಲ್ಲ. ಅವನು ಹೊರುತ್ತಿದ್ದದ್ದು ಊರಿನವರದೇ ಹೇಲು. ನಾತ ಮಾತ್ರ ಅವನದು ಎನ್ನುತ್ತಿದ್ದರು.

ಅಪ್ಪನ ಹೆಸರು ನೊರ್ಟೆ. ಸರ್ಕಾರದ ಆರೋಗ್ಯ ಇಲಾಖೆಯಲ್ಲಿ ಗ್ಯಾಂಗ್ ಕೂಲಿ. ಬೆಳಗಾದರೆ ಬಕೆಟ್ಟು ಹೊತ್ತು ಸಮುದ್ರಕ್ಕೆ ಸುರಿಯಬೇಕು. ಸತ್ತ ನಾಯಿ ಎಳೆಯಬೇಕು, ಮೋರಿ ಬಾಚಬೇಕು. ಕೈಗೆ ಗವಸಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಅವನ ಎಡಗಾಲಿನ ಹುಣ್ಣು ನಾನು ಹುಟ್ಟುವ ಮೊದಲೇ ಬಂದದ್ದು. ಆರೋಗ್ಯ ಇಲಾಖೆ ಆ ಹುಣ್ಣನ್ನು ಒಂದು ದಿನವೂ ನೋಡಲಿಲ್ಲ.

ಇದೆಲ್ಲ ಊರು ಸಹಿಸುತ್ತಿತ್ತೇನೋ. ಸಹಿಸದೆ ಹೋದದ್ದು ಸರಳಿನ ಕೆಲಸ.

ನಮ್ಮಲ್ಲಿ ಸತ್ತವರನ್ನು ಮನೆಯೊಳಗೇ ಹೂಳುತ್ತಾರೆ, ಅವರು ಮಲಗುತ್ತಿದ್ದ ಕೋಣೆಯ ನೆಲದಡಿಯಲ್ಲಿ. ಸತ್ತವರು ಮನೆ ಬಿಟ್ಟು ಹೋಗಬಾರದು. ಅವರ ಮೇಲೆಯೇ ಮೊಮ್ಮಕ್ಕಳು ಅಂಬೆಗಾಲಿಡಬೇಕು, ಹೆಂಡದ ಮೊದಲ ಗುಟುಕು ಅವರ ತಲೆಯ ಕಡೆ ಸುರಿಯಬೇಕು. ಬಿಳಿಯರ ಸರ್ಕಾರ ಇದರಿಂದ ರೋಗ ಏಳುತ್ತದೆ ಎಂದಿತು. ಗಂಟೆ ಬಡಿಸಿ ಕಾನೂನು ಸಾರಿತು. ಇನ್ನು ಮೇಲೆ ಹೆಣವೆಲ್ಲ ಊರಾಚೆಯ ಸರ್ಕಾರಿ ಮಸಣಕ್ಕೆ. ತಪ್ಪಿದರೆ ಜೈಲು. ಕಡಲ ಕೋಟೆಯ ಅಂಗಳದಲ್ಲಿ ಅವರದೇ ಒಬ್ಬ ಹಳೆಯ ದೊರೆಯ ಗೋರಿ ಇದೆ. ಅದರ ಪಕ್ಕ ಮೇಜು ಹಾಕಿಕೊಂಡು ಅವರು ಊಟ ಮಾಡುತ್ತಾರೆ. ಅಲ್ಲಿಂದ ಯಾವ ರೋಗವೂ ಏಳುವುದಿಲ್ಲ.

ಊರಿನವರು ಬಿಟ್ಟಾರೆಯೇ? ಪೆಟ್ಟಿಗೆಯೊಳಗೆ ಬಾಳೆಯ ದಿಂಡು ತುಂಬಿ ಮಸಣಕ್ಕೆ ಹೊತ್ತರು, ಅಳಬೇಕಾದಷ್ಟು ಅತ್ತರು, ಹೆಣವನ್ನು ಮನೆಯೊಳಗೇ ಇಟ್ಟುಕೊಂಡರು. ಆಗ ಸರ್ಕಾರ ಸರಳು ತಂದಿತು. ಆಳುದ್ದದ ಕಬ್ಬಿಣದ ಸರಳು. ಸಾವಾದ ಮನೆಗೆ ಹೋಗಿ ನೆಲಕ್ಕೆ ಇಳಿಸಬೇಕು, ಮೇಲೆತ್ತಿ ತುದಿ ಮೂಸಬೇಕು. ಇಳಿಸುವವನೂ ಅಪ್ಪ, ಮೂಸುವವನೂ ಅಪ್ಪ. ಇನ್ಸ್‌ಪೆಕ್ಟರ್ ಎಬನೇಜರ್ ಹೊಸ್ತಿಲಾಚೆ ಮೂಗಿಗೆ ಕರವಸ್ತ್ರ ಹಿಡಿದು ನಿಂತು "ಏನಾದ್ರೂ ಇದೆಯೇನೋ?" ಎಂದು ಕೇಳುತ್ತಿದ್ದರು. ಅವರು ನಮ್ಮೂರಿನವರೇ. ಇಂಗ್ಲಿಷ್ ಕಲಿತು ಕೋಟು ಹಾಕಿದವರು.

ಇದೆ ಎಂದರೆ ಅಗೆಯುವವನೂ ಅಪ್ಪನೇ.

ಗೋಡೆಯಾಚೆಯ ಮೊಮೊಳ ಗಂಡನನ್ನು ಹಾಗೆಯೇ ಅಗೆದು ತೆಗೆದ. ಜ್ವರದಲ್ಲಿ ಸತ್ತ ಬೆಸ್ತ ಅವನು. ಮೊಮೊ ಅಪ್ಪನ ಮುಖಕ್ಕೆ ಉಗಿದಳು. ಅಪ್ಪ ಒರೆಸಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಅವಳ ಗಂಡನಿದ್ದ. ಅಂದಿನಿಂದ ಮೊಮೊ ನಮ್ಮ ಕಡೆ ತಿರುಗಿ ನೋಡಿದ್ದಿಲ್ಲ. ನಾನು ಮಾಡಿದ ಕೊಮಿಯನ್ನು ಬೀದಿಯಲ್ಲಿ ಯಾರೂ ಕೊಳ್ಳುವುದಿಲ್ಲ. ಎಲ್ಲರೂ ಮಾಡುವ ಕೊಮಿಯೇ ಅದು, ಹುಳಿ ಬಂದ ಮುಸುಕಿನ ಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ್ದು. "ಹೆಣ ಮೂಸೋನ ಮಗಳ ಉಂಡೆ" ಎಂದು ಹೆಸರಿಟ್ಟರು. ನಾನು ಅದನ್ನು ಹೊತ್ತು ಊರ ಇನ್ನೊಂದು ತುದಿಗೆ, ಪರದೇಶಿ ಸಿಪಾಯಿಗಳ ಬಿಡಾರಕ್ಕೆ ಹೋಗಬೇಕಿತ್ತು.

"ಇನ್ನೊಂದು ಮಳೆಗಾಲ, ಲಮಿಲೆ," ಎನ್ನುತ್ತಿದ್ದ ಅಪ್ಪ. "ಅದು ಕಳುದ್ರೆ ಪಿಂಚಣಿ."

ಕೂಲಿಯವರಿಗೆ ಪಿಂಚಣಿ ಹಕ್ಕಲ್ಲ, ಸರ್ಕಾರದ ದಯೆ. ನಡತೆ ಚೆನ್ನಾಗಿದ್ದರೆ ಕೊಡುತ್ತಾರೆ, ಆರೋಗ್ಯದ ಕಾನೂನು ಮುರಿದವನಿಗೆ ಇಲ್ಲ. ಅಪ್ಪನಿಗೆ ಪಿಂಚಣಿ ಎಂದರೆ ದುಡ್ಡಿನ ಯೋಚನೆಯೇ ಅಲ್ಲ. ಒಂದು ಬೆಳಿಗ್ಗೆ ಎದ್ದು ಯಾರ ಬಕೆಟ್ಟನ್ನೂ ಮುಟ್ಟದೆ ಬಾಗಿಲಲ್ಲಿ ಕಾಲು ಚಾಚಿ ಕೂರುವುದು. ಅಷ್ಟಕ್ಕೇ ಅವನು ಅಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದ.

ಒಣಗಾಳಿ ಬೀಸಿ ತುಟಿ ಒಡೆಯುವ ದಿನಗಳಲ್ಲಿ ಅಜ್ಜಿ ಮಲಗಿದಳು.

ಅಜ್ಜಿಯನ್ನು ಊರು ಆಜೆಲೆ ಎಂದು ಕರೆಯುತ್ತಿತ್ತು. ಅದು ಅವಳನ್ನು ಕೊಂಡವರು ಇಟ್ಟ ಹೆಸರು. ಬಡಗಣ ನಾಡಿನಿಂದ ಕುತ್ತಿಗೆಗೆ ಹಗ್ಗ ಕಟ್ಟಿ ತಂದ ಮಗು ಅವಳು. ಅಪ್ಪ ಅಮ್ಮ ಇಟ್ಟ ಹೆಸರು ದಾರಿಯಲ್ಲೇ ಎಲ್ಲೋ ಮರೆತುಹೋಯಿತಂತೆ. ಗುಲಾಮಗಿರಿ ನಿಂತಿತು ಎಂದು ಸರ್ಕಾರ ಸಾರಿದ ಮೇಲೆ ಅವಳು ಒಡೆಯನ ಅಂಗಳದಿಂದ ಎದ್ದು ಬಂದು, ಹಿನ್ನೀರಿನ ಮಣ್ಣನ್ನು ತಲೆಯ ಮೇಲೆ ಹೊತ್ತು ತಂದು ಈ ಒಂದು ಕೋಣೆ ಕಟ್ಟಿದಳು. ಗಂಡಸೊಬ್ಬ ಕೈ ಜೋಡಿಸಿದ್ದಿಲ್ಲ. ಕೊಂಡು ತಂದ ಗುಲಾಮರು ಸತ್ತರೆ ಆ ಕಾಲದಲ್ಲಿ ಮನೆಯೊಳಗೆ ಹೂಳುತ್ತಿರಲಿಲ್ಲ. ಮರಳ ದಂಡೆಯ ಪೊದೆಗೆ ಎಸೆಯುತ್ತಿದ್ದರು. ನರಿಗಳು ಎಳೆದಾಡಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು.

ಉಸಿರು ಮೇಲೆ ಕೆಳಗೆ ಆಗುವಾಗ ಅವಳು ಅಪ್ಪನ ಕೈ ಹಿಡಿದಳು.

"ನೊರ್ಟೆ, ನನ್ನ ಇಲ್ಲೇ ಹಾಕು."

"ಅವ್ವಾ, ಕಾನೂನು..."

"ಕಾನೂನಿಗೆ ಅವ್ವ ಇಲ್ವೇನೋ?"

ಅಪ್ಪ ತಲೆ ತಗ್ಗಿಸಿದ.

"ಈ ನೆಲ ನನ್ನ ತಲೆ ಮೇಲೆ ಬಂದಿದ್ದು ಕಣಪ್ಪ. ಅರ್ಧ ಆಯಸ್ಸು ಬೇರೆಯವ್ರ ಮನೇಲಿದ್ದೆ. ಸತ್ತ ಮೇಲಾದ್ರೂ ನನ್ನ ಮನೇಲಿರ್ತೀನಿ."

ಬೆಳಗಾಗುವ ಹೊತ್ತಿಗೆ ಹೋಗಿದ್ದಳು.

ಅಪ್ಪ ಮೊದಲು ಮಾಂಟ್ಸೆಯ ಬಳಿ ಹೋದ. ಮಾಂಟ್ಸೆ ಎಂದರೆ ನಮ್ಮ ಕೇರಿಯ ಒಡೆಯ. ಹಿಂದೆ ಅವನ ಮಾತಿಗೆ ಊರು ನಡುಗುತ್ತಿತ್ತು. ಈಗ ಅವನು ಸರ್ಕಾರದಿಂದ ಸಂಬಳ ತೆಗೆದುಕೊಂಡು ಪ್ರತಿ ಸಾವಿನ ಸುದ್ದಿಯನ್ನೂ ಕಚೇರಿಗೆ ಮುಟ್ಟಿಸುತ್ತಾನೆ. ಊರಾಡಳಿತ ಎಂದು ಅದಕ್ಕೆ ಹೆಸರು. ಅವನು ಸುಮ್ಮನಿದ್ದರೆ ಸಾವೇ ಆಗಿಲ್ಲ ಎಂದಾಗುತ್ತಿತ್ತು. ಎಷ್ಟೋ ದೊಡ್ಡ ಮನೆಗಳ ಪಾಲಿಗೆ ಹಾಗೆ ಸುಮ್ಮನಿದ್ದಾನೆ ಎಂಬುದು ಎಲ್ಲರಿಗೂ ಗೊತ್ತು.

ನಾನು ಹೆಂಡದ ಸೀಸೆ ಹಿಡಿದು ಅಪ್ಪನ ಹಿಂದೆ ನಿಂತಿದ್ದೆ. ಮಾಂಟ್ಸೆ ಸೀಸೆ ತೆಗೆದುಕೊಂಡ. ಕೂರು ಎನ್ನಲಿಲ್ಲ.

"ಮನೆಯೊಳಗಾ?" ಎಂದ. "ಯಾರ್ನ? ಆಜೆಲೇನಾ?"

"ಹೌದು ಒಡೆಯಾ. ನಮ್ಮವ್ವನ ಆಸೆ."

ಮಾಂಟ್ಸೆ ಪಕ್ಕದಲ್ಲಿ ಕೂತ ಮುದುಕರ ಕಡೆ ನೋಡಿ ನಕ್ಕ. ಅವರೂ ನಕ್ಕರು.

"ನಮ್ಮಪ್ಪನ ಕಾಲದಾಗೆ ಆಗಿದ್ರೆ ನಿಮ್ಮವ್ವನ ಕಾಲು ಹಿಡ್ಕೊಂಡು ಎಳ್ಕೊಂಡೋಗಿ ಪೊದೆಗೆ ಬಿಸಾಕ್ತಿದ್ವಲ್ಲೋ. ಬಿಳಿಯೋರು ಪುಣ್ಯಾತ್ಮರು, ನಿಮ್ಗೂ ಒಂದು ಗುಂಡಿ ಅಂತ ಮಾಡವ್ರೆ. ಅದ್ರಾಗೆ ಹಾಕಿ ಕೈ ಮುಗ್ದು ಬಾ. ಮನೇಲಿ ಹೂಳ್ಬೇಕಂತೆ! ನಾಳೆ ನನ್ನ ಪೀಠದ ಮೇಲೂ ಕೂತ್ಕಳ್ಳೋಕೆ ಬತ್ತೀಯ."

"ಬೇರೆ ಮನೆಗಳಿಗೆ ನೀವು..." ಎಂದು ಅಪ್ಪ ಶುರುಮಾಡಿದ.

"ಅವು ಮನೆಗಳು ಕಣೋ," ಎಂದ ಮಾಂಟ್ಸೆ. "ಊರ ಮನೆಗಳಿಗೆಲ್ಲ ಸರಳು ಹಾಕ್ದೋನು ನೀನು. ಈಗ ನ್ಯಾಯ ಕೇಳೋಕೆ ಬಂದಿದೀಯ."

ಅದೊಂದು ಮಾತು ನಿಜ. ಅಪ್ಪ ತಿರುಗಿ ಹೊರಟ. ಹೊರಗೆ ಬಂದ ಮೇಲೆ ಅವನು ನಡೆಯುವುದನ್ನು ಬಿಟ್ಟು ಬೀದಿಯ ನಡುವೆ ನಿಂತ. ನನ್ನ ಅಪ್ಪನಿಗೂ ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

"ಒಬ್ರು ಪೊದೆ ಅಂತಾರೆ. ಇನ್ನೊಬ್ರು ಗುಂಡಿ ಅಂತಾರೆ," ಎಂದ. "ಮನೆ ಅಂತ ಯಾವ ನನ್ಮಗನ ಬಾಯಲ್ಲೂ ಬರಲ್ಲ."

"ಏನ್ ಮಾಡೋದಪ್ಪ?"

"ಅಗಿಯೋದು."

ಅವತ್ತು ಮಂಗಳವಾರ. ಮಂಗಳವಾರ ಸಮುದ್ರ ತನ್ನ ಪಾಡಿಗೆ ಇರುವ ದಿನ, ಯಾರೂ ಬಲೆ ಹಾಕುವುದಿಲ್ಲ. ಗಂಡಸರೆಲ್ಲ ಬೀದಿಯಲ್ಲಿ ಬಲೆ ಹೊಲಿಯುತ್ತ ಕೂತಿರುತ್ತಾರೆ. ಹಾಗಾಗಿ ಮಾರನೆಯ ದಿನದವರೆಗೆ ಕಾದೆವು. ದೋಣಿಗಳೆಲ್ಲ ನೀರಿಗೆ ಇಳಿದ ಮೇಲೆ ಅಪ್ಪ ಒಳಗಿನಿಂದ ಬಾಗಿಲು ಹಾಕಿಕೊಂಡು ಗುದ್ದಲಿ ಎತ್ತಿದ. ಒಣಗಾಳಿಗೆ ನೆಲ ಕಲ್ಲಾಗಿತ್ತು. ಮೊದಲ ಏಟಿನ ಸದ್ದು ಗೋಡೆಯಲ್ಲಿ ಹಾದು ಬೀದಿಗೆ ಬಂತು.

"ಒರಳು ಕುಟ್ಟು," ಎಂದ ಅಪ್ಪ ಒಳಗಿನಿಂದ.

ಅಂಗಳದಲ್ಲಿ ನಮ್ಮ ಮರದ ಒರಳಿತ್ತು. ಕುಟ್ಟಲು ಏನೂ ಇರಲಿಲ್ಲ. ಸಾವಿನ ಮನೆ, ಒಲೆ ಹಚ್ಚಿರಲಿಲ್ಲ. ನಾನು ಒನಕೆ ಎತ್ತಿ ಖಾಲಿ ಒರಳಿಗೇ ಹಾಕಿದೆ. ಅಪ್ಪನ ಏಟಿಗೆ ನನ್ನ ಏಟು. ಅವನು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತಿದ್ದೆ. ಅಂಗೈ ಗುಳ್ಳೆ ಎದ್ದು ಒಡೆಯಿತು. ಅಜ್ಜಿ ಒಳಗೆ ಚಾಪೆಯ ಮೇಲೆ ಮಲಗಿ ಎರಡನ್ನೂ ಕೇಳುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತಿತ್ತು.

ಮಾಡಿದ ತಪ್ಪು ನನಗೆ ಹೊಳೆಯಲೇ ಇಲ್ಲ. ತುಂಬಿದ ಒರಳು ಮೆತ್ತಗೆ ಉಸಿರು ಬಿಡುತ್ತದೆ. ಖಾಲಿ ಒರಳು ಟೊಳ್ಳು ಬಡಿಯುತ್ತದೆ. ಕುಟ್ಟಿ ಬದುಕಿದ ಯಾವ ಹೆಂಗಸಿಗೂ ಅದು ಹತ್ತು ಮನೆಯಾಚೆ ಗೊತ್ತಾಗುತ್ತದೆ.

ಗೋಡೆಯ ಮೇಲೆ ಮೊಮೊಳ ಮುಖ ಕಂಡಿತು.

"ಏನೇ ಅದು, ಗಾಳಿ ಕುಟ್ತಾ ಇದ್ದೀಯಾ?"

ನನ್ನ ಕೈ ನಿಂತಿತು. ಒಳಗೆ ಅಪ್ಪನ ಗುದ್ದಲಿ ನಿಲ್ಲಲಿಲ್ಲ. ಒಂದು ಏಟು, ಇನ್ನೊಂದು ಏಟು. ಮೊಮೊ ಕೇಳಿಸಿಕೊಂಡಳು. ಆ ಸದ್ದು ಅವಳಿಗೆ ಗೊತ್ತು. ಅವಳ ಗಂಡನನ್ನು ಹೂಳಿದಾಗಲೂ ತೆಗೆದಾಗಲೂ ಅವಳು ಅದನ್ನು ಕೇಳಿದ್ದಳು.

ಅವಳ ಮುಖ ಗೋಡೆಯಿಂದ ಇಳಿಯಿತು. ಮುಗಿಯಿತು, ಕಚೇರಿಗೆ ಹೋದಳು ಎಂದುಕೊಂಡೆ. ಅಷ್ಟರಲ್ಲಿ ಅಂಗಳದ ಬಾಗಿಲು ತಳ್ಳಿಕೊಂಡು ಅವಳು ಬಂದಳು. ಮಡಿಲಲ್ಲಿ ಬೇಯಿಸಿದ ತಾಳೆಹಣ್ಣು, ಹೆಗಲ ಮೇಲೆ ಅವಳ ಒನಕೆ. ಹಣ್ಣನ್ನು ಒರಳಿಗೆ ಸುರಿದಳು.

"ಎತ್ತೇ," ಎಂದಳು. "ಬಾಯಿ ಬಿಟ್ಕೊಂಡು ನೋಡ್ತೀಯಲ್ಲ."

ಇಬ್ಬರೂ ಕುಟ್ಟಿದೆವು. ಅವಳ ಒನಕೆ ಏಳುವಾಗ ನನ್ನದು ಇಳಿಯುತ್ತಿತ್ತು. ಒರಳು ತುಂಬಿದ ಸದ್ದು ಮಾಡಿತು. ಬಹಳ ಹೊತ್ತಿನ ಮೇಲೆ ನಾನು ಅಳುತ್ತ ಅವಳ ಹೆಸರು ಹಿಡಿದು ಏನೋ ಹೇಳಲು ಹೋದೆ.

"ನಿಮ್ಮಪ್ಪನಿಗೋಸ್ಕರ ಅಲ್ಲ," ಎಂದಳು ಮೊಮೊ. "ಅವನು ಸತ್ರೆ ನಾನು ಬಾಗ್ಲೂ ತೆಗೆಯಲ್ಲ. ನನ್ನ ಗಂಡನ್ನ ಅಗ್ದು ಒಯ್ದ ದಿನ ಆ ಮುದುಕಿ ಒಬ್ಳೇ ನಂಗೆ ಗಂಜಿ ತಂದಿಟ್ಟಿದ್ದು. ಕುಟ್ಟು."

ಅಜ್ಜಿಯನ್ನು ಅವಳ ಹೊಸ ಬಟ್ಟೆಯಲ್ಲಿ ಸುತ್ತಿ ಇಳಿಸಿದೆವು. ಅಪ್ಪ ಮಣ್ಣು ಮುಚ್ಚಿ ತುಳಿದ. ನಾನು ಕೆಂಪುಮಣ್ಣು ಬಳಿದು ಕಲ್ಲಿನಿಂದ ತಿಕ್ಕಿದೆ. ಅಪ್ಪ ತಲೆಯ ಕಡೆ ಹೆಂಡ ಸುರಿದು "ಅವ್ವಾ, ನಿನ್ನ ಮನೇಲಿದ್ದೀಯ" ಎಂದ. ಸಂಜೆ ಬಾಳೆದಿಂಡಿನ ಪೆಟ್ಟಿಗೆ ಮಸಣಕ್ಕೆ ಹೋಯಿತು. ಹೊತ್ತವರು ಅಪ್ಪನ ಗ್ಯಾಂಗಿನವರು. ಭಾರ ನೋಡಿಯೇ ಅವರಿಗೆ ಗೊತ್ತಾಯಿತು. ಯಾರೂ ಬಾಯಿ ಬಿಡಲಿಲ್ಲ. ಆ ರಾತ್ರಿ ನಾನು ಅಜ್ಜಿಯ ಮೇಲೆ ಚಾಪೆ ಹಾಸಿ ಮಲಗಿದೆ. ಅಷ್ಟು ನೆಮ್ಮದಿಯ ನಿದ್ದೆ ಮತ್ತೆ ಬಂದಿಲ್ಲ.

ಬೆಳಿಗ್ಗೆ ಮಾಂಟ್ಸೆ ಕಚೇರಿಗೆ ಹೇಳಿ ಕಳಿಸಿದ.

ಇನ್ಸ್‌ಪೆಕ್ಟರ್ ಎಬನೇಜರ್ ಇಬ್ಬರು ಪೊಲೀಸರೊಂದಿಗೆ ಬಂದರು. ಹಿಂದೆ ಗ್ಯಾಂಗು. ಅಪ್ಪನೂ ಅದರಲ್ಲೇ ಇದ್ದ. ಬೆಳಗಿನ ಬಕೆಟ್ಟು ಸುರಿದು ಬಂದವನನ್ನು ಅವರು ದಾರಿಯಲ್ಲೇ ಕರೆದುಕೊಂಡು ಬಂದಿದ್ದರು. ಹೆಗಲ ಮೇಲೆ ಸರಳು. ತನ್ನ ಮನೆಯ ಬಾಗಿಲು ಬರುವವರೆಗೆ ಯಾವ ಮನೆಗೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಇನ್ಸ್‌ಪೆಕ್ಟರು ಹೊಸ್ತಿಲಲ್ಲಿ ನಿಂತು ಕರವಸ್ತ್ರ ತೆಗೆದರು. ಬೂಟಿನ ತುದಿಯಿಂದ ಕೋಣೆಯ ನಡುವಿನ ಹೊಸ ಕೆಂಪು ತೋರಿಸಿದರು.

"ಇಲ್ಲಿ ಇಳಿಸು ನೊರ್ಟೆ."

ಅಪ್ಪ ಕದಲಲಿಲ್ಲ.

"ಇನ್ನೊಂದು ಮಳೆಗಾಲ ಇದೆ ನಿಂಗೆ," ಎಂದರು ಇನ್ಸ್‌ಪೆಕ್ಟರು, ಮೆತ್ತಗೆ. "ಹುಚ್ಚುಹುಚ್ಚಾಗಿ ಆಡಬೇಡ. ನೀನೇ ಇಳಿಸಿ, ನೀನೇ ತೆಗೆದು ಮಸಣಕ್ಕೆ ಹಾಕಿದ್ರೆ ನಾನು ನಿನ್ನ ಹೆಸರು ಎಲ್ಲೂ ಎತ್ತಲ್ಲ. ಪಿಂಚಣಿ ಬರುತ್ತೆ."

"ನಿಮ್ಮಜ್ಜ ನಿಮ್ಮ ಪಡಸಾಲೆ ಕೆಳಗವ್ರೆ ಸರ್," ಎಂದ ಅಪ್ಪ.

"ಅದು ಕಾನೂನಿಗೆ ಮುಂಚೆ."

"ನಮ್ಮವ್ವನೂ ಕಾನೂನಿಗೆ ಮುಂಚೆ ಹುಟ್ಟಿದೋಳೇ."

"ಇಳಿಸೋ ಸರಳು!"

ಅಪ್ಪ ಸರಳನ್ನು ಹೆಗಲಿಂದ ಇಳಿಸಿದ. ಗೋಡೆಗೆ ಒರಗಿಸಿ ಇಟ್ಟ. ಹುಣ್ಣಿನ ಕಾಲನ್ನು ಎಳೆದುಕೊಂಡು ಒಳಗೆ ಹೋಗಿ ಕೆಂಪು ನೆಲದ ಮೇಲೆ ಕೂತ. ಕಾಲು ಚಾಚಿ ಕೂತ. ಪಿಂಚಣಿ ಬಂದ ಮೇಲೆ ಕೂರುತ್ತೇನೆ ಎನ್ನುತ್ತಿದ್ದನಲ್ಲ, ಹಾಗೆ.

"ಏಳು, ನೊರ್ಟೆ."

"ಏಳಲ್ಲ."

"ಸರ್ ಅನ್ನು."

"ಏಳಲ್ಲ."

ಪೊಲೀಸರು ಹೊಡೆದರು. ಮುಖಕ್ಕೆ, ಬೆನ್ನಿಗೆ, ಆ ಹುಣ್ಣಿನ ಮೇಲೂ. ಅವನು ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿ ಕೂತೇ ಇದ್ದ. ಕೊನೆಗೆ ಕೈಕಾಲು ಹಿಡಿದು ಮೂಲೆಗೆ ಎಳೆದು ಹಾಕಿ ಕೋಳ ತೊಡಿಸಿದರು. ನಾನು ಮೇಲೆ ಬಿದ್ದೆ. ನನ್ನನ್ನು ಹೊಸ್ತಿಲಾಚೆ ನೂಕಿದರು.

ಇನ್ಸ್‌ಪೆಕ್ಟರು ಗ್ಯಾಂಗಿನ ಗಾರ್ಬಾನನ್ನು ಕರೆದರು. ಗಾರ್ಬಾ ಅಪ್ಪನ ಜೊತೆ ಒಂದೇ ಬಕೆಟ್ಟಿಗೆ ಕೈ ಹಾಕಿದವನು. ನಮ್ಮ ಮನೆಯಲ್ಲಿ ಉಣ್ಣುತ್ತಿದ್ದವನು. ಅವನಿಗೂ ಮಕ್ಕಳಿದ್ದವು, ಅವನಿಗೂ ಪಿಂಚಣಿಯ ದಯೆ ಬೇಕಿತ್ತು. ಅವನು ಗೋಡೆಗೆ ಒರಗಿದ್ದ ಸರಳು ತೆಗೆದುಕೊಂಡ.

"ಬಯ್ಯಿ ನನ್ನ, ನೊರ್ಟೆ," ಎಂದ. "ಏನಾದ್ರೂ ಬಯ್ಯಿ."

ಅಪ್ಪ ಮೂಲೆಯಿಂದ ನೋಡಿದ. ಬಾಯಿಂದ ರಕ್ತ ಇಳಿಯುತ್ತಿತ್ತು.

"ಮೆತ್ತಗೆ ಗಾರ್ಬಾ," ಎಂದ. "ಕಾಲಿನ ಕಡೆ ಇಳಿಸು. ಮುಖ ಈಚೆಗದೆ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಂಗಳಕ್ಕೆ ಓಡಿದೆ. ಒಳಗಿನ ಸದ್ದು ಕಿವಿಗೆ ಬೀಳಬಾರದು ಎಂದು ಒನಕೆ ಎತ್ತಿ ಖಾಲಿ ಒರಳಿಗೆ ಹಾಕಿದೆ. ಇನ್ನು ಮುಚ್ಚಿಡುವುದೇನಿತ್ತು? ಊರಿಗೆಲ್ಲ ಕೇಳಲಿ ಎಂದು ಹಾಕಿದೆ. ಟೊಳ್ಳು ಸದ್ದು ಬೀದಿಯುದ್ದ ಹೋಯಿತು. ಗೋಡೆಯಾಚೆ ಮೊಮೊಳ ಒರಳು ಅದೇ ಟೊಳ್ಳು ದನಿಯಲ್ಲಿ ಶುರುವಾಯಿತು. ಅದರಾಚೆ ಇನ್ನೊಂದು. ನನ್ನ ಕೊಮಿಯನ್ನು ಮುಟ್ಟದ ಹೆಂಗಸರು, ಅಪ್ಪನಿಗೆ ಶಾಪ ಹಾಕಿದ ಹೆಂಗಸರು, ತಮ್ಮ ತಮ್ಮ ಮನೆಯಿಂದ ತೆಗೆದ ಹೆಣಗಳನ್ನು ನೆನೆದು ಕುಟ್ಟಿದರು. ಅಜ್ಜಿಯನ್ನು ಹಲಗೆಯ ಮೇಲೆ ಹೊರಗೆ ತರುವಾಗ ಇನ್ಸ್‌ಪೆಕ್ಟರು ಸುತ್ತ ನೋಡಿ "ಏನಿದು ಗಲಾಟೆ?" ಎಂದು ಕೇಳಿದರು. ಒರಳುಗಳು ನಿಲ್ಲಲಿಲ್ಲ.

ಅಜ್ಜಿಯನ್ನು ಸರ್ಕಾರಿ ಮಸಣದ ಬೇಲಿಯ ಮೂಲೆಗೆ ಹಾಕಿದರು. ಅದು ದಿಕ್ಕಿಲ್ಲದವರ ಮೂಲೆ. ನಮ್ಮ ಕೋಣೆಗೆ ಅಡ್ಡ ಹಲಗೆ ಹೊಡೆದು ಮುಚ್ಚಿದರು. ನಾನು ಅಂಗಳದಲ್ಲಿ ತಾಳೆಗರಿ ಕಟ್ಟಿಕೊಂಡು ಬದುಕುತ್ತಿದ್ದೇನೆ. ಅಪ್ಪನಿಗೆ ಜೈಲಾಯಿತು, ಪಿಂಚಣಿ ಹೋಯಿತು.

ಜೈಲಿನಲ್ಲಿ ಏನು ಕೆಲಸ ಕೊಟ್ಟರು ಗೊತ್ತೇ? ಊರಿನ ಬಕೆಟ್ಟುಗಳನ್ನು ಹೊರುವುದಕ್ಕೆ ಕೂಲಿ ಕೊಡುವುದು ಸರ್ಕಾರಕ್ಕೆ ದಂಡವೆನ್ನಿಸಿತ್ತು, ಕೈದಿಗಳನ್ನು ಹಚ್ಚಿದರು. ಅಪ್ಪನಿಗೆ ಅದೇ ಬಕೆಟ್ಟು ಬಂತು. ಅದೇ ಸರಳೂ ಬಂತು. ಜೊತೆಗೆ ಕಾಲಿಗೊಂದು ಸರಪಳಿ. ಬೆಳಿಗ್ಗೆ ಅವನು ನಮ್ಮ ಬೀದಿಯಲ್ಲೇ ಹಾದುಹೋಗುತ್ತಾನೆ. ಮಾತಾಡಿದರೆ ಹೊಡೆಯುತ್ತಾರೆ. ನಾನು ಅಂಗಳದ ಬಾಗಿಲಲ್ಲಿ ನಿಂತಿರುತ್ತೇನೆ.

ಮಳೆ ಶುರುವಾಗುವ ಮುಂಚೆ ನಮ್ಮ ಬೀದಿಯಲ್ಲಿ ಒಬ್ಬ ಮುದುಕ ಸತ್ತ. ಯಾವ ಮನೆ ಎಂದು ನಾನು ಹೇಳುವುದಿಲ್ಲ. ಈ ಸಲ ಸುದ್ದಿ ಮಾಂಟ್ಸೆಗೂ ಮುಟ್ಟಲಿಲ್ಲ. ಯಾರೂ ಜೋರಾಗಿ ಅಳಲಿಲ್ಲ. ದೋಣಿಗಳು ನೀರಿಗೆ ಇಳಿದ ಮೇಲೆ, ಹಗಲಿನಲ್ಲೇ, ಬೀದಿಯ ಒರಳುಗಳೆಲ್ಲ ಒಟ್ಟಿಗೆ ಎದ್ದವು. ನನ್ನದೂ ಎದ್ದಿತು.

ಇನ್ಸ್‌ಪೆಕ್ಟರಿಗೆ ಅಷ್ಟರಲ್ಲಿ ಯಾರೋ ಗುಟ್ಟು ಹೇಳಿದ್ದರು. ಖಾಲಿ ಒರಳು ಎಲ್ಲಿ ಕೇಳುತ್ತದೋ ಅಲ್ಲಿ ಅಗೆಯುತ್ತಿರುತ್ತಾರೆ ಎಂದು. ಆದರೆ ಕೇಳಿ ಗುರುತಿಸುವ ಕಿವಿ ಅವರಿಗಿಲ್ಲ. ಅವರ ಮನೆಯ ಕಾಳನ್ನು ಯಾವಾಗಲೂ ಬೇರೆಯವರೇ ಕುಟ್ಟಿದ್ದು. ಸದ್ದು ಕೇಳಿ ಕೈದಿಗಳ ಗ್ಯಾಂಗು ಕರೆದುಕೊಂಡು ಬಂದು ನಮ್ಮ ಅಂಗಳದ ಮುಂದೆ ನಿಂತರು. ಅಪ್ಪ ಮುಂದಿದ್ದ. ಮೈ ಇಳಿದುಹೋಗಿತ್ತು. ಹೆಗಲಲ್ಲಿ ಸರಳಿತ್ತು.

"ನೊರ್ಟೆ, ನೀನು ಈ ಬೀದಿಯವನು," ಎಂದರು ಇನ್ಸ್‌ಪೆಕ್ಟರು. "ಯಾವುದು ತುಂಬಿದೆ, ಯಾವುದು ಖಾಲಿ, ನಿಂಗೆ ಗೊತ್ತಾಗುತ್ತೆ. ತೋರಿಸು. ನಿನ್ನ ಪಿಂಚಣಿಗೆ ನಾನೇ ಬರೀತೀನಿ. ನಾಳೆನೇ ಸರಪಳಿ ಬಿಚ್ಚಿಸ್ತೀನಿ."

ಅಪ್ಪ ಕಿವಿಗೊಟ್ಟ. ಬೀದಿ ತುಂಬ ಟೊಳ್ಳು ಸದ್ದು. ಒಂದು ಒರಳಲ್ಲೂ ಒಂದು ಕಾಳಿಲ್ಲ. ಸರಪಳಿ ಬಿಚ್ಚಲಿ ಎಂದು ನನಗೇ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಅವನು ಕಾಲು ಎಳೆದುಕೊಂಡು ನನ್ನ ಬಳಿ ಬಂದ. ಮುಖ ನೋಡಲಿಲ್ಲ. ಒರಳಿನ ಮೇಲೆ ಬಗ್ಗಿ ಒಳಗೆ ನೋಡಿದ. ಒಣಗಿ ಬಿರುಕು ಬಿಟ್ಟ ಮರದ ತಳ. ಬೆರಳು ಹಾಕಿ ಸವರಿ, ಆ ಬೆರಳನ್ನು ಮೂಗಿಗೆ ಹಿಡಿದ.

"ತಾಳೆಹಣ್ಣು ಸರ್," ಎಂದ. "ತುಂಬೈತೆ."

ಇನ್ಸ್‌ಪೆಕ್ಟರು ಕರವಸ್ತ್ರ ಹಿಡಿದು ಅಂಗಳದಾಚೆಯೇ ನಿಂತಿದ್ದರು. ಬಗ್ಗಿ ನೋಡುವುದು, ಮೂಸುವುದು ಅವರ ಕೆಲಸವಾಗಿರಲಿಲ್ಲ.

"ಪಕ್ಕದ್ದು?"

ಅಪ್ಪ ಮೊಮೊಳ ಗೋಡೆಯ ಮೇಲಿಂದ ಬಗ್ಗಿ ನೋಡಿದ. ಅವಳೂ ಅವನನ್ನು ನೋಡಿದಳು.

"ಅದೂ ತುಂಬೈತೆ ಸರ್."

ನಾನು ಒನಕೆ ಎತ್ತಿದೆ. ಅಪ್ಪ ಸರಪಳಿ ಎಳೆಯುತ್ತ ಮುಂದಿನ ಮನೆಗೆ ಹೋದ.